ಗಾಲಿಯೊಳಗಿನ ಗಾಳಿಯ ಕಥೆ

ಕುರ್ಲಾ, ವಿದ್ಯಾವಿಹಾರ, ಘಾಟ್ಕೋಪರ್, ವಿಕ್ರೋಳಿ, ಕಾಂಜುರ್‌ಮಾರ್ಗ್, ಭಾಂಡುಪ್. ಮಧ್ಯ ರೈಲ್ವೆಯ ಈ ಆರು ನಿಲ್ದಾಣಗಳ ಹೆಸರನ್ನು ನಿದ್ದೆಗಣ್ಣಿನಲ್ಲೂ ತಪ್ಪಿಲ್ಲದೆ ಹೇಳಬಲ್ಲವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದೇವೆ. ಆದರೆ ಈ ಪುಟ್ಟ ಹಾದಿಯಲ್ಲಿ ನಮ್ಮ ದೇಶದ ಮೋಟಾರು ಚರಿತ್ರೆಯ ಒಂದು ದೊಡ್ಡ ಅಧ್ಯಾಯವೇ ಅಡಗಿದೆಯೆಂಬುದು ಸಾಮಾನ್ಯವಾಗಿ ನಮ್ಮ ನೆನಪಿಗೆ ಬರುವುದಿಲ್ಲ. ಈ ಹಾದಿಯ ಒಂದು ತುದಿಯಲ್ಲಿ, ಕುರ್ಲಾದಲ್ಲಿ, ಪ್ರೀಮಿಯರ್ ಕಂಪೆನಿ ಕಾರು ತಯಾರಿಸಿತು. ಇನ್ನೊಂದು ತುದಿಯಲ್ಲಿ, ಭಾಂಡುಪಿನಲ್ಲಿ, ಸಿಯೆಟ್ ಕಂಪೆನಿ ಟಯರು ತಯಾರಿಸಿತು. ಇವೆರಡರ ನಡುವೆ ನಮ್ಮ ವಿಕ್ರೋಳಿ. ಹೋಟೆಲು ಕೆಲಸಕ್ಕೆಂದು ಊರು ಬಿಟ್ಟು ಬಂದು, ರಾತ್ರಿಶಾಲೆಯಲ್ಲಿ ನಾಲ್ಕಕ್ಷರ ಕಲಿತು, ಮುಂದೆ ಈ ಸಾಲಿನ ಕಾರ್ಖಾನೆಗಳ ಗೇಟು ಹೊಕ್ಕು ಸಂಸಾರ ನಿಲ್ಲಿಸಿದ ಕನ್ನಡಿಗರು ನಮ್ಮ ನಡುವೆ ಅನೇಕರಿದ್ದಾರೆ. ಅವರು ಲೋಕಲ್ ಗಾಡಿಯಲ್ಲಿ ಜೋತು ಕೆಲಸಕ್ಕೆ ಹೋದರು. ಅವರ ಮಕ್ಕಳು, ಮೊಮ್ಮಕ್ಕಳು ಇಂದು ಸ್ವಂತ ಕಾರಿನಲ್ಲಿ ಊರಿಗೆ ಹೋಗುತ್ತಾರೆ.

ಕಾರು ಬಂದ ಮೇಲೆ ಕಾರಿನ ಚಿಂತೆಯೂ ಬಂತು. ಈಚೆಗೆ ನಮ್ಮ ಕಾಲನಿಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಪೆಟ್ರೋಲು ಪಂಪಿನಲ್ಲಿ ಟಯರಿಗೆ ಮಾಮೂಲು ಹವಾ ಬೇಕೇ, ನೈಟ್ರೋಜನ್ ಬೇಕೇ ಎಂದು ಕೇಳುತ್ತಾರೆ. ಮಾಮೂಲು ಹವಾ ಬಿಟ್ಟಿ, ನೈಟ್ರೋಜನ್ನಿಗೆ ದುಡ್ಡು. ಹಾಗಿದ್ದರೆ ಒಂದು ಸಿಲಿಂಡರು ತಂದಿಟ್ಟು ಮನೆಯಲ್ಲೇ ನೈಟ್ರೋಜನ್ ತುಂಬಿಕೊಂಡರೆ ಹೇಗೆ? ಎಸಿ, ಫ್ರಿಜ್ ದುರಸ್ತಿಯವರ ಬಳಿ ಆ ಸಿಲಿಂಡರು ಇದ್ದೇ ಇರುತ್ತದೆ. ಕೊಳವೆಯಲ್ಲಿ ಸೋರಿಕೆ ಇದೆಯೇ ಎಂದು ನೋಡಲು ಅವರು ಒಣ ನೈಟ್ರೋಜನ್ ಹಾಯಿಸುತ್ತಾರೆ. 1958ರಿಂದ ಫ್ರಿಜ್ ತಯಾರಿಸುತ್ತ ಬಂದ ಗೋದ್ರೆಜ್ ಸಂಸ್ಥೆಯ ನೆರಳಿನಲ್ಲಿ ಬೆಳೆದ ವಿಕ್ರೋಳಿಯಲ್ಲಿ ಅಂಥ ಕೆಲಸ ಬಲ್ಲವರಿಗೆ ಬರವಿಲ್ಲ. ಆದ್ದರಿಂದ ಈ ಪ್ರಶ್ನೆ ಬರಿಯ ಹರಟೆಯಲ್ಲ. ಇದಕ್ಕೆ ಉತ್ತರ ಕಾಣಬೇಕಾದರೆ ಗಾಲಿಯೊಳಗೆ ಗಾಳಿ ಬಂದ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡುವುದು ಒಳ್ಳೆಯದು.

ಗಾಲಿಗೆ ಗಾಳಿ ಬಂದ ಬಗೆ

ನಮ್ಮ ಊರಿನ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಇರುತ್ತಿತ್ತು. ಕಮ್ಮಾರ ಅದನ್ನು ಕೆಂಪಗೆ ಕಾಯಿಸಿ, ಮರದ ಚಕ್ರಕ್ಕೆ ತೊಡಿಸಿ, ನೀರು ಹೊಯ್ದು ಬಿಗಿಗೊಳಿಸುತ್ತಿದ್ದ. ಯುರೋಪಿನ ಕುದುರೆಗಾಡಿಗಳದ್ದೂ ಅದೇ ಪಾಡು. ಕಲ್ಲು ಹಾಸಿದ ರಸ್ತೆಯಲ್ಲಿ ಕುಳಿತವರ ಮೈಮೂಳೆ ಸಡಿಲಾಗುತ್ತಿತ್ತು. ಇದಕ್ಕೆ ಮೊದಲು ಉಪಾಯ ಹುಡುಕಿದವನು ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನ ತರುಣ ಎಂಜಿನಿಯರು. 1845ರಲ್ಲಿ ಪೇಟೆಂಟು ಪಡೆದಾಗ ಅವನ ವಯಸ್ಸು ಕೇವಲ 23. ರಬ್ಬರು ಬಳಿದ ಬಟ್ಟೆಯ ಕೊಳವೆಯಲ್ಲಿ ಗಾಳಿ ತುಂಬಿ, ಮೇಲೆ ತೊಗಲು ಹೊದಿಸಿದ ಚಕ್ರ ಅವನದು. ಚಕ್ರ ಚೆನ್ನಾಗಿಯೇ ಉರುಳಿತು. ಆದರೆ ಬೆಲೆ ಹೆಚ್ಚಾಯಿತು. ಕೊಳ್ಳುವವರಿಲ್ಲದೆ ಜನ ಅದನ್ನು ಮರೆತರು.

ನಾಲ್ಕು ದಶಕಗಳ ಮೇಲೆ, 1888ರಲ್ಲಿ, ಬೆಲ್‌ಫಾಸ್ಟಿನಲ್ಲಿದ್ದ ಜಾನ್ ಬಾಯ್ಡ್ ಡನ್ಲಪ್ ಎಂಬ ಪಶುವೈದ್ಯ, ಥಾಮ್ಸನ್ನನ ಕೆಲಸದ ಸುಳಿವೇ ಇಲ್ಲದೆ, ಅದನ್ನೇ ಮತ್ತೊಮ್ಮೆ ಕಂಡುಹಿಡಿದ. ಅವನ ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾದಿಯಲ್ಲಿ ಕುಲುಕಾಡುತ್ತಿತ್ತಂತೆ. ಮರುವರ್ಷವೇ ಬೆಲ್‌ಫಾಸ್ಟಿನ ಸೈಕಲ್ ಪಂದ್ಯದಲ್ಲಿ ಗಾಳಿಯ ಟಯರು ಗೆದ್ದಿತು. ಥಾಮ್ಸನ್ನನ ಹಳೆಯ ಪೇಟೆಂಟು ಬೆಳಕಿಗೆ ಬಂದು ಡನ್ಲಪ್ಪನ ಹಕ್ಕು ಬಿದ್ದುಹೋದರೂ ಹೆಸರು ಮಾತ್ರ ಡನ್ಲಪ್ಪನದೇ ಉಳಿಯಿತು. 1895ರಲ್ಲಿ ಫ್ರಾನ್ಸಿನ ಮಿಷೆಲಿನ್ ಸೋದರರು ಪ್ಯಾರಿಸ್‌ನಿಂದ ಬೋರ್ಡೋಗೆ ಹೋಗಿ ಮರಳುವ ಪಂದ್ಯಕ್ಕೆ ಗಾಳಿಟಯರಿನ ಮೋಟಾರು ಕಾರನ್ನು ಇಳಿಸಿದರು. ದಾರಿಯುದ್ದಕ್ಕೂ ಪಂಕ್ಚರು. ಬಹುಮಾನ ಬರಲಿಲ್ಲ, ಆದರೆ ಮೋಟಾರಿಗೂ ಗಾಳಿಯ ಟಯರು ಸಾಧ್ಯವೆಂಬುದು ಲೋಕಕ್ಕೆ ತಿಳಿಯಿತು.

ಆ ಕಾಲದ ಒಂದು ನೆನಪು ಇಂದಿಗೂ ನಮ್ಮ ನಾಲಗೆಯ ಮೇಲಿದೆ. ಆಗಿನ ಕಾರುಗಳಲ್ಲಿ ಹೆಚ್ಚುವರಿ ಚಕ್ರ ಇರುತ್ತಿರಲಿಲ್ಲ. ವೇಲ್ಸ್ ಪ್ರಾಂತದ ಲಾನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಒಂದು ಕಂಪೆನಿ ಅಂಥ ಚಕ್ರವನ್ನು ಮಾರಲು ತೊಡಗಿತು. ಅದೇ ಬೀದಿಯ ಹೆಸರು ‘ಸ್ಟೆಪ್ನಿ’ಯಾಗಿ ಇಲ್ಲಿಗೆ ಬಂತು. ಇಂಗ್ಲೆಂಡಿನವರು ಆ ಮಾತನ್ನು ಹೆಚ್ಚುಕಡಿಮೆ ಮರೆತರು. ನಮ್ಮ ಡ್ರೈವರುಗಳು ಮರೆಯಲಿಲ್ಲ.

ವಿಶ್ವೇಶ್ವರಯ್ಯನವರ ಕನಸು, ಕುರ್ಲಾದ ಕಾರು

ಭಾರತದಲ್ಲಿ ಕಾರು ಓಡಿದ್ದು ಬೇಗ. ಕಾರು ತಯಾರಾದದ್ದು ತಡವಾಗಿ. ಈ ತಡದ ಹಿಂದೆ ಕನ್ನಡಿಗರೊಬ್ಬರ ಕನಸು ಮುರಿದ ಕಥೆಯಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆಯಲ್ಲಿ ಓದಿ, 1884ರಿಂದ ಎರಡು ದಶಕಕ್ಕೂ ಮೀರಿ ಮುಂಬಯಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದವರು. ಆ ಲೆಕ್ಕದಲ್ಲಿ ಅವರೂ ನಮ್ಮ ಹಾಗೆ ವಲಸೆ ಬಂದ ಕನ್ನಡಿಗರೇ. ಮೈಸೂರಿನ ದಿವಾನಗಿರಿ ಬಿಟ್ಟ ಎಷ್ಟೋ ವರ್ಷಗಳ ಮೇಲೆ, 1935ರಲ್ಲಿ, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ಯುರೋಪು ಅಮೆರಿಕಗಳನ್ನು ಸುತ್ತಿ ಅಲ್ಲಿಯ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ದೇಶದಲ್ಲೇ ಕಾರು ತಯಾರಿಸುವ ಯೋಜನೆ ಬರೆದರು. ಉದ್ಯಮಿ ವಾಲಚಂದ ಹೀರಾಚಂದರು ಜೊತೆಗೂಡಿದರು. ಮೈಸೂರು ಸರಕಾರ ನೆರವಿಗೆ ಮುಂದೆ ಬಂತು. ಆದರೆ ಬ್ರಿಟಿಷ್ ಸರಕಾರದ ಒಪ್ಪಿಗೆ ಸಿಗಲಿಲ್ಲ. ಮೈಸೂರು ಹಿಂದೆ ಸರಿಯಬೇಕಾಯಿತು.

ವಾಲಚಂದರು ಬಿಡಲಿಲ್ಲ. 1940ರಲ್ಲಿ ಮೈಸೂರು ಸರಕಾರದ ಜೊತೆಯಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಕಟ್ಟಿದರು, ಇಂದಿನ ಎಚ್.ಎ.ಎಲ್. ಅದರ ಮುಂದುವರಿಕೆ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಗಿ, 1947ರಲ್ಲಿ ಕುರ್ಲಾದಿಂದ ಅದರ ಮೊದಲ ವಾಹನಗಳು ಹೊರಬಿದ್ದವು. ಮುಂದೆ ಇಟಲಿಯ ಫಿಯೆಟ್ ಕಂಪೆನಿಯ ಸಹಯೋಗದಲ್ಲಿ ಬಂದ ಫಿಯೆಟ್ 1100 ಕಾರೇ ಹೆಸರು ಬದಲಿಸಿಕೊಂಡು ಪ್ರೀಮಿಯರ್ ಪದ್ಮಿನಿಯಾಯಿತು. ಕರಿ ಹಳದಿ ಟ್ಯಾಕ್ಸಿಯೆಂದರೆ ಪದ್ಮಿನಿ ಎನ್ನುವಂತಿದ್ದ ಕಾಲವನ್ನು ನಾವೆಲ್ಲ ಕಂಡಿದ್ದೇವೆ. 2023ರ ಅಕ್ಟೋಬರ್ ಕೊನೆಯಲ್ಲಿ ಆ ಟ್ಯಾಕ್ಸಿಗಳು ಮುಂಬಯಿಯ ರಸ್ತೆಯಿಂದ ಪೂರ್ತಿ ಮರೆಯಾದವು.

ಟಯರಿನ ಕಥೆಯೂ ಹೀಗೆಯೇ ಹೊರಗಿನಿಂದ ಬಂದು ಇಲ್ಲಿ ಬೇರು ಬಿಟ್ಟದ್ದು. 1936ರಲ್ಲಿ ಬಂಗಾಲದ ಸಾಹಾಗಂಜಿನಲ್ಲಿ ಡನ್ಲಪ್ ಕಾರ್ಖಾನೆ ಬಂತು. ಮುಂಬಯಿಯ ಶಿವಡಿಯಲ್ಲಿ ಫೈರ್‌ಸ್ಟೋನ್ ಬಂತು. ಇಟಲಿಯ ಟೂರಿನ್ ನಗರದಲ್ಲಿ 1924ರಲ್ಲಿ ಹುಟ್ಟಿದ ಸಿಯೆಟ್, 1958ರಲ್ಲಿ ಇಲ್ಲಿ ಕಂಪೆನಿಯಾಗಿ ನೋಂದಣಿಗೊಂಡು ಭಾಂಡುಪಿನಲ್ಲಿ ನೆಲೆಯೂರಿತು. ಹೀಗೆ ಕುರ್ಲಾದ ಕಾರೂ ಭಾಂಡುಪಿನ ಟಯರೂ ಎರಡೂ ಇಟಲಿಯ ಮೂಲದವು. ಕನ್ನಡನಾಡಿನಲ್ಲಿ ಸರಕಾರದ ನೆರವಿನಿಂದ ಮೈಸೂರಿನಲ್ಲಿ ವಿಕ್ರಾಂತ್ ಟಯರ್ಸ್ ಎದ್ದಿತು; 1997ರಲ್ಲಿ ಅದು ಜೆ.ಕೆ. ಟಯರಿನವರ ಕೈಸೇರಿತು.

ಇಷ್ಟು ಕಾಲವೂ ಈ ಟಯರುಗಳಿಗೆಲ್ಲ ತುಂಬಿದ್ದು ಮಾಮೂಲು ಹವಾ. ಮೊದಲು ಕೈಪಂಪು, ಕಾಲ್ಪಂಪು, ಆಮೇಲೆ ಕಂಪ್ರೆಸರು. ‘ಮೂವತ್ತು ಪೌಂಡು ಹೊಡಿ’ ಎಂದರೆ ಪಂಕ್ಚರು ಅಂಗಡಿಯ ಹುಡುಗನಿಗೆ ಅರ್ಥವಾಗುತ್ತಿತ್ತು. ಚದರಂಗುಲಕ್ಕೆ ಮೂವತ್ತು ಪೌಂಡು ಒತ್ತಡವೆಂಬುದು ಅದರ ಪೂರ್ತಿ ರೂಪ.

ಸಾರಜನಕವೆಂಬ ಹೆಸರು

ಇನ್ನು ನೈಟ್ರೋಜನ್. ಕನ್ನಡ ಶಾಲೆಯಲ್ಲಿ ಓದಿದವರಿಗೆ ಇದು ಸಾರಜನಕ. 1772ರಲ್ಲಿ ಎಡಿನ್‌ಬರೋದ ವಿದ್ಯಾರ್ಥಿ ಡೇನಿಯಲ್ ರುದರ್‌ಫರ್ಡ್ ಮುಚ್ಚಿದ ಪಾತ್ರೆಯ ಗಾಳಿಯಲ್ಲಿ ಇಲಿಯನ್ನಿರಿಸಿದ, ಆಮೇಲೆ ಮೇಣದ ಬತ್ತಿ ಉರಿಸಿದ, ರಂಜಕ ಸುಟ್ಟ. ಉಸಿರಿಗೂ ಉರಿಗೂ ಒದಗುವ ಭಾಗ ಮುಗಿದ ಮೇಲೆಯೂ ಗಾಳಿಯ ಬಹುಪಾಲು ಹಾಗೆಯೇ ಉಳಿದಿತ್ತು. ಅದರಲ್ಲಿ ದೀಪ ಉರಿಯಲಿಲ್ಲ, ಪ್ರಾಣಿ ಬದುಕಲಿಲ್ಲ. ಫ್ರಾನ್ಸಿನ ಲವಾಸಿಯೆ ಇದಕ್ಕೆ ಜೀವವಿಲ್ಲದ್ದು ಎಂಬರ್ಥದ ಹೆಸರಿಟ್ಟ. 1790ರಲ್ಲಿ ಶಾಪ್ಟಾಲ್ ಎಂಬವನು ನೈಟ್ರೋಜನ್ ಎಂದು ಕರೆದ. ನಮ್ಮ ಪಠ್ಯಪುಸ್ತಕದವರು ಆರಿಸಿದ ‘ಸಾರಜನಕ’ ಎಂಬ ಮಾತಿನಲ್ಲಿ ರೈತನ ಅರಿವೂ ಸೇರಿದಂತಿದೆ. ಹೊಲದ ಸಾರ ಹೆಚ್ಚಿಸುವ ಗೊಬ್ಬರದ ಜೀವಾಳ ಇದೇ ತಾನೆ! ಒಂದೇ ವಸ್ತು ಒಬ್ಬನಿಗೆ ಜೀವವಿಲ್ಲದ್ದು, ಇನ್ನೊಬ್ಬನಿಗೆ ಸಾರದ ತಂದೆ. ಈ ಎರಡು ಮುಖಗಳನ್ನೂ ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಒಣ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ, ಮಿಕ್ಕ ಒಂದು ಪಾಲಿನಲ್ಲಿ ಆರ್ಗಾನ್ ಮೊದಲಾದವು. ಇವನ್ನು ಬೇರ್ಪಡಿಸುವ ದೊಡ್ಡ ದಾರಿಯನ್ನು ತೆರೆದವನು ಜರ್ಮನಿಯ ಕಾರ್ಲ್ ಫಾನ್ ಲಿಂಡೆ. 1895ರಲ್ಲಿ ಅವನು ಗಾಳಿಯನ್ನು ತಣಿಸಿ ತಣಿಸಿ ನೀರಿನಂತೆ ದ್ರವವಾಗಿಸಿದ. ದ್ರವಗಾಳಿ ಕುದಿಯುವಾಗ ಸೊನ್ನೆಗಿಂತ 196 ಡಿಗ್ರಿ ಕೆಳಗೆ ಸಾರಜನಕವೂ, 183 ಡಿಗ್ರಿ ಕೆಳಗೆ ಆಮ್ಲಜನಕವೂ ಆವಿಯಾಗುತ್ತವೆ. ಹೀಗೆ ಒಂದನ್ನೊಂದು ಬಿಡಿಸಬಹುದು. ಕಬ್ಬಿಣದ ಸಿಲಿಂಡರುಗಳಲ್ಲಿ ಬರುವ ಸಾರಜನಕದ ಮೂಲ ಈ ಉಪಾಯ. ಪೆಟ್ರೋಲು ಪಂಪಿನ ಯಂತ್ರ ಇಷ್ಟು ತಣಿಸುವುದಿಲ್ಲ. ಅದು ಸುತ್ತಲಿನ ಗಾಳಿಯನ್ನೇ ಎಳೆದುಕೊಂಡು, ನೀರಿನ ಪಸೆ ತೆಗೆದು, ವಿಶೇಷ ಇದ್ದಲಿನ ಹರಳುಗಳ ಮೂಲಕವೋ ಕೂದಲಿನಷ್ಟು ಸಣ್ಣ ಟೊಳ್ಳು ಎಳೆಗಳ ಮೂಲಕವೋ ಹಾಯಿಸಿ, ಆಮ್ಲಜನಕವನ್ನು ಬಹುಮಟ್ಟಿಗೆ ಸೋಸಿಬಿಡುತ್ತದೆ. ಅಂದರೆ ನಾವು ದುಡ್ಡು ಕೊಡುವುದು ಹೊಸದೊಂದು ವಸ್ತುವಿಗಲ್ಲ. ಅದೇ ಗಾಳಿಯಿಂದ ಐದನೆಯ ಒಂದು ಪಾಲನ್ನು ತೆಗೆದುಹಾಕಿದ್ದಕ್ಕೆ.

ವಿಮಾನದ ಗಾಲಿಯಿಂದ ಕಾರಿನ ಗಾಲಿಗೆ

ಹಾಗಾದರೆ ಈ ತೆಗೆಯುವ ಶ್ರಮವೇಕೆ? ಇದರ ಉತ್ತರ ವಿಮಾನದಲ್ಲಿದೆ. ಇಳಿಯುವಾಗ ದೊಡ್ಡ ವಿಮಾನದ ಬ್ರೇಕು ಕೆಂಡದಂತೆ ಕಾಯುತ್ತದೆ. ಆ ಕಾವಿಗೆ ಟಯರಿನ ಒಳಮೈ ಕೊಂಚ ಕೊಂಚವಾಗಿ ಆವಿಬಿಟ್ಟರೆ, ಒಳಗಿನ ಆಮ್ಲಜನಕದೊಡನೆ ಬೆರೆತು ಸಿಡಿಯಬಹುದು. 1986ರ ಮಾರ್ಚ್ 31ರಂದು ಮೆಕ್ಸಿಕೋ ನಗರದಿಂದ ಹೊರಟ ಮೆಕ್ಸಿಕಾನಾ ಸಂಸ್ಥೆಯ ಬೋಯಿಂಗ್ 727 ವಿಮಾನದಲ್ಲಿ ಹೀಗೆಯೇ ಆಯಿತು. ಬ್ರೇಕು ಹಿಡಿದುಕೊಂಡೇ ಓಡಿ ಅತಿಯಾಗಿ ಕಾದಿದ್ದ ಗಾಲಿಯ ಟಯರು ಹಾರಾಟದಲ್ಲಿ ಸ್ಫೋಟಿಸಿತು. ಸಾರಜನಕ ಇರಬೇಕಾದಲ್ಲಿ ಮಾಮೂಲು ಗಾಳಿ ತುಂಬಿತ್ತು. ವಿಮಾನದಲ್ಲಿದ್ದ 167 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಮರುವರ್ಷ ಅಮೆರಿಕದ ವಿಮಾನಯಾನ ಅಧಿಕಾರಿಗಳು ದೊಡ್ಡ ವಿಮಾನಗಳ ಬ್ರೇಕುಳ್ಳ ಗಾಲಿಗಳಿಗೆ ಸಾರಜನಕವನ್ನು ಕಡ್ಡಾಯ ಮಾಡಿದರು. ಒಳಗೆ ಆಮ್ಲಜನಕ ನೂರಕ್ಕೆ 5 ಪಾಲು ಮೀರಬಾರದು.

ಈ ಕಾರಣ ಕಾರಿಗೆ ಅನ್ವಯಿಸುವುದಿಲ್ಲ; ನಮ್ಮ ಕಾರಿನ ಬ್ರೇಕು ಅಷ್ಟು ಕಾಯುವುದಿಲ್ಲ. ಆದರೂ ವಿಮಾನದ ಹೆಸರು ಹಿಡಿದು ಸಾರಜನಕ ಪೆಟ್ರೋಲು ಪಂಪಿಗೆ ಇಳಿದು ಬಂತು. ಲಾಭವೇ ಇಲ್ಲವೆಂದು ನಾವು ಹೇಳುವುದಿಲ್ಲ. ರಬ್ಬರಿನ ಗೋಡೆಯ ಮೂಲಕ ಆಮ್ಲಜನಕ ಸಾರಜನಕಕ್ಕಿಂತ ಬೇಗ ಸೋರುತ್ತದೆ. ಒಣ ಅನಿಲವಾದ್ದರಿಂದ ಮಳೆಗಾಲದ ಮುಂಬಯಿಯ ನೀರಿನ ಪಸೆ ಒಳಹೊಗುವುದಿಲ್ಲ. ಆದರೆ ಲಾಭ ಎಷ್ಟು? ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಎಂಬ ಗ್ರಾಹಕ ಪತ್ರಿಕೆ 2006ರ ಸೆಪ್ಟೆಂಬರಿನಿಂದ ಒಂದು ವರ್ಷ 31 ಬಗೆಯ ಟಯರುಗಳನ್ನು ಪರೀಕ್ಷಿಸಿತು. ಪ್ರತಿ ಬಗೆಯಲ್ಲೂ ಒಂದಕ್ಕೆ ಗಾಳಿ, ಒಂದಕ್ಕೆ ಸಾರಜನಕ. ಎಲ್ಲಕ್ಕೂ 30 ಪೌಂಡು. ವರ್ಷದ ಕೊನೆಗೆ ಗಾಳಿಯವು ಸರಾಸರಿ 3.5 ಪೌಂಡನ್ನೂ ಸಾರಜನಕದವು 2.2 ಪೌಂಡನ್ನೂ ಕಳೆದುಕೊಂಡಿದ್ದವು. ವರ್ಷಕ್ಕೆ ವ್ಯತ್ಯಾಸ 1.3 ಪೌಂಡು! ಸಾರಜನಕ ತುಂಬಿದವನೂ ಗೇಜು ನೋಡುವುದನ್ನು ಬಿಡುವಂತಿಲ್ಲವೆಂಬುದು ಇದರಿಂದ ಸ್ಪಷ್ಟ.

ಚರಿತ್ರೆ ಹೇಳುವ ಇನ್ನೊಂದು ಮಾತೂ ಗಮನಾರ್ಹ. 2000ದಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಟಯರುಗಳ ಮೇಲ್ಪದರ ಕಿತ್ತು ಫೋರ್ಡ್ ವಾಹನಗಳು ಮಗುಚಿ ಇನ್ನೂರಕ್ಕೂ ಮಿಕ್ಕಿ ಜನ ಸತ್ತ ಪ್ರಕರಣ ದೇಶವನ್ನೇ ನಡುಗಿಸಿತು. ಆಗ ಅಲ್ಲಿಯ ಶಾಸನಸಭೆ ಕೇಳಿದ್ದು ಸಾರಜನಕವನ್ನಲ್ಲ. ಗಾಳಿ ಇಳಿದರೆ ಎಚ್ಚರಿಸುವ ಸಾಧನವನ್ನು. 2007ರ ಹೊತ್ತಿಗೆ ಹೊಸ ಕಾರುಗಳಿಗೆಲ್ಲ ಅದು ಅಲ್ಲಿ ಕಡ್ಡಾಯವಾಯಿತು. ನಮ್ಮಲ್ಲಿ 2019ರ ಜುಲೈಯಲ್ಲಿ, ಯಮುನಾ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಬಸ್ಸು ದುರಂತವಾದ ದಿನಗಳಲ್ಲೇ, ಟಯರುಗಳಿಗೆ ಸಾರಜನಕ ಕಡ್ಡಾಯ ಮಾಡುವ ಯೋಚನೆಯಿದೆಯೆಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು ರಾಜ್ಯಸಭೆಯಲ್ಲಿ ಹೇಳಿದ್ದರು. ಅಂದಿನಿಂದ ಸಾರಜನಕದ ಮಾತಿಗೆ ಇನ್ನಷ್ಟು ರೆಕ್ಕೆ ಬಂತು.

ಮನೆಗೆ ಸಿಲಿಂಡರು ತರುವ ಮುನ್ನ

ಈಗ ನಮ್ಮ ಪ್ರಶ್ನೆಗೆ ಬರೋಣ. ಮನೆಯಲ್ಲಿ ತುಂಬಬಹುದೇ? ಲೆಕ್ಕ ಹಾಕಿ ನೋಡಿದರೆ, ಒಂದು ದೊಡ್ಡ ಸಿಲಿಂಡರಿನಲ್ಲಿ ಸುಮಾರು 7 ಘನ ಮೀಟರು, ಅಂದರೆ 7,000 ಲೀಟರು ಅನಿಲವಿರುತ್ತದೆ. ಸಣ್ಣ ಕಾರಿನ ಒಂದು ಟಯರಿಗೆ 60 ಲೀಟರಿನಷ್ಟು ಸಾಕು. ಸ್ಟೆಪ್ನಿಯೂ ಸೇರಿ ಐದಕ್ಕೆ 300. ಒಂದು ಸಿಲಿಂಡರು ಇಪ್ಪತ್ತಕ್ಕೂ ಹೆಚ್ಚು ಕಾರುಗಳಿಗೆ ಸಾಲುತ್ತದೆ. ಇಲ್ಲಿಯೇ ಆಸೆ ಹುಟ್ಟುವುದು. ಆದರೆ ಮೂರು ಸಂಗತಿಗಳನ್ನು ಯಾರೂ ಮರೆಯಬಾರದು.

ಮೊದಲನೆಯದು ಬೆರಕೆ. ಚಪ್ಪಟೆಯಾದ ಟಯರಿನಲ್ಲೂ ಗಾಳಿ ಪೂರ್ತಿ ಖಾಲಿಯಾಗಿರುವುದಿಲ್ಲ. ಹೊರಗಿನಷ್ಟೇ ಒತ್ತಡದ ಗಾಳಿ ಒಳಗೆ ಉಳಿದಿರುತ್ತದೆ. 30 ಪೌಂಡಿಗೆ ತುಂಬಿದಾಗ ಒಟ್ಟು ಅನಿಲದ ಮೂರನೆಯ ಒಂದು ಪಾಲು ಆ ಹಳೆಯ ಗಾಳಿಯೇ. ಸೇರಿಸಿದ್ದು ಎಷ್ಟೇ ಶುದ್ಧ ಸಾರಜನಕವಾಗಲಿ, ಒಳಗೆ ನೂರಕ್ಕೆ 7 ಪಾಲು ಆಮ್ಲಜನಕ ಉಳಿದೇ ಉಳಿಯಿತು. ಅದನ್ನು ಕಳೆಯಲು ಎರಡು ಮೂರು ಸಲ ತುಂಬಿ ಬಿಡಬೇಕು. ಹೀಗೆ ಮಾಡಿಯೂ ದಾರಿಯಲ್ಲಿ ಒಂದು ಪಂಕ್ಚರಾದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ.

ಎರಡನೆಯದು ಒತ್ತಡ. ಟಯರಿಗೆ ಬೇಕಾದದ್ದು 30 ಪೌಂಡು. ತುಂಬಿದ ಸಿಲಿಂಡರಿನ ಒಳಗೆ 2,000 ಪೌಂಡಿಗೂ ಮಿಕ್ಕಿ, ಅಂದರೆ ಹತ್ತಿರ ಹತ್ತಿರ ಎಪ್ಪತ್ತು ಪಟ್ಟು. ನಡುವೆ ಸರಿಯಾದ ರೆಗ್ಯುಲೇಟರು ಇಲ್ಲದಿದ್ದರೆ, ಅಥವಾ ಇದ್ದದ್ದು ಕೆಟ್ಟಿದ್ದರೆ, ಟಯರು ಬಾಂಬಿನಂತೆ ಸಿಡಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತವನ ಕೈಯನ್ನೋ ಜೀವವನ್ನೋ ತೆಗೆಯಬಹುದು. ಸಿಲಿಂಡರು ಉರುಳಿ ಅದರ ವಾಲ್ವಿನ ಕುತ್ತಿಗೆ ಮುರಿದರೆ ಆ ಭಾರದ ಉಕ್ಕೇ ಬಾಣದಂತೆ ನುಗ್ಗುತ್ತದೆ. ಮಕ್ಕಳು ಆಡುವ ಸೊಸೈಟಿಯ ಕಾರು ನಿಲ್ಲಿಸುವ ಜಾಗದಲ್ಲಿ ಇಂಥದ್ದನ್ನು ಇಡುವುದು ಸಲ್ಲದು.

ಮೂರನೆಯದು ಉಸಿರು. ರುದರ್‌ಫರ್ಡನ ಇಲಿಯನ್ನು ಇಲ್ಲಿ ನೆನೆಯಬೇಕು. ಸಾರಜನಕ ವಿಷವಲ್ಲ, ನಾವು ಪ್ರತಿ ಉಸಿರಿನಲ್ಲೂ ಒಳಗೆಳೆಯುವುದು ಹೆಚ್ಚಾಗಿ ಅದನ್ನೇ. ಆದರೆ ಮುಚ್ಚಿದ ಕೋಣೆಯಲ್ಲಿ ಅದು ಸೋರಿ ತುಂಬಿದರೆ ಆಮ್ಲಜನಕಕ್ಕೆ ಜಾಗವಿಲ್ಲದಂತಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರುವುದಿಲ್ಲ, ಉಸಿರು ಕಟ್ಟಿದಂತೆಯೂ ಅನ್ನಿಸುವುದಿಲ್ಲ. ಮನುಷ್ಯ ಸುಮ್ಮನೆ ಕುಸಿಯುತ್ತಾನೆ. 1981ರ ಮಾರ್ಚ್ 19ರಂದು ಅಮೆರಿಕದ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ, ಕೊಲಂಬಿಯಾ ನೌಕೆಯ ಸಾರಜನಕ ತುಂಬಿದ ಹಿಂಭಾಗಕ್ಕೆ ಅರಿಯದೆ ಹೊಕ್ಕ ಕೆಲಸಗಾರರು ಹೀಗೆಯೇ ಬಿದ್ದರು. ಒಬ್ಬರು ಅಂದೇ ತೀರಿಕೊಂಡರು, ಇನ್ನೊಬ್ಬರು ಕೆಲವು ದಿನಗಳ ಮೇಲೆ. ಚಂದ್ರನಿಗೆ ಮನುಷ್ಯರನ್ನು ಕಳುಹಿಸಿದ ಸಂಸ್ಥೆಯಲ್ಲೇ ಹೀಗಾದರೆ, ಹತ್ತಡಿ ಹನ್ನೆರಡಡಿ ಖೋಲಿಯಲ್ಲಿ, ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಮಲಗುವ ನಮ್ಮ ಮನೆಗಳಲ್ಲಿ ಸಿಲಿಂಡರು ಇಡುವುದು ಎಷ್ಟು ಅಪಾಯವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟೇ. ಸಾರಜನಕ ಬೇಕೆನಿಸಿದವರು ಪಂಪಿನಲ್ಲೇ ತುಂಬಿಸಿಕೊಳ್ಳಲಿ. ದಾರಿಯಲ್ಲಿ ಅದು ಸಿಗದಿದ್ದರೆ ಮಾಮೂಲು ಹವಾ ಸೇರಿಸಲು ಹಿಂಜರಿಯಬಾರದು. ಸಾರಜನಕ ಸಿಗಲಿಲ್ಲವೆಂದು ಇಳಿದ ಟಯರಿನಲ್ಲೇ ಓಡಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಗಾಳಿ ಕಡಿಮೆಯಾದ ಟಯರು ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದು ಕಾದು ಕಡೆಗೆ ಹರಿಯುತ್ತದೆ. ಮನೆಯಲ್ಲಿ ಇಡಬೇಕಾದದ್ದು ಸಿಲಿಂಡರಲ್ಲ, ಒಂದು ಒಳ್ಳೆಯ ಗೇಜು. ಬೇಕಿದ್ದರೆ ಕಾರಿನ ಬ್ಯಾಟರಿಯಿಂದ ನಡೆಯುವ ಪುಟ್ಟ ಪಂಪನ್ನೂ ಇಟ್ಟುಕೊಳ್ಳಬಹುದು. ಅದರಿಂದ ತುಂಬುವ ಗಾಳಿಯಲ್ಲೂ ನೂರಕ್ಕೆ 78 ಪಾಲು ಸಾರಜನಕವೇ!

ಮೇ ತಿಂಗಳ ರಜೆಗೆ, ಚೌತಿಗೆ, ಊರಿನ ಜಾತ್ರೆಗೆ, ಮನೆದೈವದ ನೇಮಕ್ಕೆ ನಾವು ಹೊರಡುತ್ತೇವೆ. ಪುಣೆ, ಕೊಲ್ಹಾಪುರ, ಬೆಳಗಾವಿಯ ಹಾದಿಯಾಗಲಿ, ಚಿಪಳೂಣ, ಕಣಕವಲಿ, ಕಾರವಾರದ ಹಾದಿಯಾಗಲಿ, ಇಡೀ ದಿನದ ಓಟ. ಒಳಗೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ತುಂಬು ಸಂಸಾರ, ಡಿಕ್ಕಿಯಲ್ಲಿ ಒಂದು ಮನೆಯ ಸಾಮಾನು. ಹೊರಡುವ ದಿನ ಬೆಳಿಗ್ಗೆ, ಗಾಡಿ ಓಡಿಸುವ ಮುನ್ನ, ಟಯರು ತಣ್ಣಗಿರುವಾಗ ಐದೂ ಗಾಲಿಗಳ ಒತ್ತಡ ನೋಡಬೇಕು. ಡ್ರೈವರನ ಬಾಗಿಲಿನ ಬಳಿಯ ಚೀಟಿಯಲ್ಲಿ ತುಂಬು ಭಾರಕ್ಕೆ ಎಷ್ಟೆಂದು ಬರೆದಿರುತ್ತದೆ, ಅಷ್ಟೇ ಇರಬೇಕು. ದಾರಿಯಲ್ಲಿ ಬಿಸಿಯಾದಾಗ ಒತ್ತಡ ನಾಲ್ಕೈದು ಪೌಂಡು ಏರುವುದು ಸಹಜ, ಅದನ್ನು ನೋಡಿ ಗಾಳಿ ಬಿಡಬಾರದು. ಟಯರಿನ ವಯಸ್ಸನ್ನೂ ನೋಡಬೇಕು. ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕೆಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ ಅದು 2019ರ 23ನೆಯ ವಾರದ ಟಯರು.

ಥಾಮ್ಸನ್ನನಿಂದ ಇಂದಿನವರೆಗೆ ಈ ಕಥೆಗೆ ನೂರೆಂಬತ್ತು ವರ್ಷ. ರಬ್ಬರು ಬದಲಾಯಿತು, ಟ್ಯೂಬು ಹೋಯಿತು, ಅನಿಲವೂ ಬದಲಾಗುತ್ತಿದೆ. ಬದಲಾಗದೆ ಉಳಿದಿರುವುದು ಹೊರಡುವ ಮುನ್ನ ಬಗ್ಗಿ ಗಾಲಿ ನೋಡುವ ಕೆಲಸ. ಎರಡು ನಿಮಿಷದ ಆ ಕೆಲಸವನ್ನು ನಮ್ಮ ಮನೆಗಳ ಹುಡುಗರಿಗೂ ಹುಡುಗಿಯರಿಗೂ ಈ ರಜೆಯಲ್ಲೇ ಕಲಿಸೋಣ.